ತಲೆ ಮೇಲೆ ಕೊಡ, ಎದುರಿಗೆ ಊರು

ನೋಡಿ, ತಲೆ ಮೇಲೆ ಕೊಡ. ಕೈ ಆಸರೆಯಿಲ್ಲ. ಚೌಡಿಕೆ ವಾದ್ಯದ ಗತಿ ಏರುತ್ತದೆ, ಕಾಲು ಗಿರಗಿರ ತಿರುಗುತ್ತದೆ, ಕೊಡ ಮಾತ್ರ ಬೀಳುವುದಿಲ್ಲ. ಇದು ದೇವಿಗೆ ಅರ್ಪಿತರಾದ ಜೋಗತಿಯರ ನೃತ್ಯ. ಇದನ್ನು ನಾಡಿನಾಚೆಗೂ ಒಯ್ದವರು ಮಂಜಮ್ಮ ಜೋಗತಿ.

ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಹುಟ್ಟಿದಾಗ ಹೆಸರು ಮಂಜುನಾಥ. ಹೆಣ್ಣಿನ ನಡೆ ಕಂಡು ಮನೆಯವರು ಹುಲಿಗೆಮ್ಮನ ಗುಡಿಯಲ್ಲಿ ಮುತ್ತು ಕಟ್ಟಿಸಿ ದೇವಿಗೆ ಅರ್ಪಿಸಿದರು. ಆಮೇಲೆ ಆ ಮನೆಯಲ್ಲೇ ಜಾಗವಿಲ್ಲ. ಸೀರೆಯುಟ್ಟು ಬೀದಿಯಲ್ಲಿ ಭಿಕ್ಷೆ. ಎಷ್ಟು ಕ್ರೂರ! ಕೈ ಹಿಡಿದದ್ದು ಹಗರಿಬೊಮ್ಮನಹಳ್ಳಿಯ ಕಾಳವ್ವ ಜೋಗತಿ. ಅವರ ತಂಡದ ನಾಟಕಗಳಲ್ಲಿ ಮಂಜಮ್ಮ ಸಣ್ಣ ಪಾತ್ರಗಳಿಂದ ಮುಖ್ಯ ಪಾತ್ರಗಳವರೆಗೆ ಬೆಳೆದರು.

2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆ. 2021ರಲ್ಲಿ ಪದ್ಮಶ್ರೀ.

ಈ ಬದುಕು ಏಕವ್ಯಕ್ತಿ ನಾಟಕವಾಗಿಯೂ ರಂಗಕ್ಕೆ ಬಂದಿದೆ. ಇದಕ್ಕಿಂತ ಒಪ್ಪುವ ಪ್ರಕಾರ ಇನ್ನೊಂದಿಲ್ಲ: ಹೀಯಾಳಿಸುವ ಊರೂ, ಹೀಯಾಳಿಸಿಕೊಳ್ಳುವ ಮಗುವೂ ಒಂದೇ ದೇಹದಲ್ಲಿ ನಿಲ್ಲಬೇಕು.