ಲಡಾಖ್‌ನ ಚಳಿಗಾಲದಲ್ಲಿ ಚರ್ಮದ ಆರೈಕೆ

ಲಡಾಖ್ ಹಿಮಾಲಯದ ಮಳೆನೆರಳಿನಲ್ಲಿರುವ ಶೀತ ಮರುಭೂಮಿ. ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದ ಲೇಹ್ ಪಟ್ಟಣದಲ್ಲಿ ವರ್ಷವಿಡೀ ಬೀಳುವ ಮಳೆ ಮತ್ತು ಹಿಮದ ಪ್ರಮಾಣ ಸುಮಾರು 100 ಮಿಲಿಮೀಟರ್ ಮಾತ್ರ. ಜನವರಿಯ ರಾತ್ರಿಗಳಲ್ಲಿ ಉಷ್ಣತೆ ಸೊನ್ನೆಗಿಂತ 10ರಿಂದ 15 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುತ್ತದೆ. ಚಳಿ, ಶುಷ್ಕತೆ ಮತ್ತು ಎತ್ತರದ ಬಿಸಿಲು ಒಂದೆಡೆ ಸೇರುವುದರಿಂದ ಬಯಲುನಾಡಿನ ವಾಡಿಕೆಯ ಆರೈಕೆ ಇಲ್ಲಿ ಸಾಲದು.

ಚರ್ಮ ಒಣಗುವ ಬಗೆ

ಚರ್ಮದ ಅತಿ ಹೊರಗಿನ ಪದರವನ್ನು ಇಟ್ಟಿಗೆಯ ಗೋಡೆಗೆ ಹೋಲಿಸುವುದುಂಟು. ಸತ್ತ ಜೀವಕೋಶಗಳು ಇಟ್ಟಿಗೆಗಳಾದರೆ ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳು ಅವುಗಳ ನಡುವಣ ಗಾರೆ. ಗಾರೆ ಸವೆದಂತೆ ಒಳಗಿನ ನೀರು ಆವಿಯಾಗಿ ಹೊರಹೋಗುತ್ತದೆ. ಒಂದು ಘನ ಮೀಟರ್ ಗಾಳಿ 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. ಸೊನ್ನೆಗಿಂತ 10 ಡಿಗ್ರಿ ಕೆಳಗೆ ಅದು ಎರಡು ಗ್ರಾಂಗಿಂತ ತುಸು ಹೆಚ್ಚು, ಅಷ್ಟೆ. ಇಂಥ ಗಾಳಿಯನ್ನು ಕೋಣೆಯೊಳಗೆ ಬುಖಾರಿ ಒಲೆಯಿಂದ ಕಾಯಿಸಿದಾಗ ಸಾಪೇಕ್ಷ ಆರ್ದ್ರತೆ ಶೇಕಡಾ 15ಕ್ಕಿಂತಲೂ ಕಡಿಮೆಯಾಗಬಹುದು. ಆದ್ದರಿಂದ ಚರ್ಮ ಬಿರಿಯಲು ಹೊರಗಿನ ಚಳಿಯಷ್ಟೇ ಒಳಗಿನ ಬೆಚ್ಚನೆಯ ಕೋಣೆಯೂ ಕಾರಣ. ಒಲೆಯ ಮೇಲೆ ನೀರಿನ ಪಾತ್ರೆಯಿಟ್ಟರೆ ಗಾಳಿಗೆ ಕೊಂಚ ತೇವ ಸೇರುತ್ತದೆ.

ಆರೈಕೆಯ ಕ್ರಮ

ಸುಡುನೀರು ಮತ್ತು ಸಾಬೂನು ಚರ್ಮದ ಕೊಬ್ಬನ್ನು ತೊಳೆದುಹಾಕುತ್ತವೆ. ಸ್ನಾನ ಉಗುರುಬೆಚ್ಚಗಿನ ನೀರಿನಲ್ಲಿ ಬೇಗ ಮುಗಿಯಬೇಕು; ಸಾಬೂನು ಕಂಕುಳು, ತೊಡೆಸಂದು, ಪಾದಗಳಿಗೆ ಸಾಕು. ನಮ್ಮ ಅಭ್ಯಂಜನದಲ್ಲಿ ಮೊದಲು ಎಣ್ಣೆ ಹಚ್ಚಿ, ಬಳಿಕ ಸೀಗೆಪುಡಿಯಿಂದಲೋ ಕಡಲೆಹಿಟ್ಟಿನಿಂದಲೋ ಉಜ್ಜಿ ತೆಗೆಯುತ್ತೇವೆ. ಲಡಾಖ್‌ಗೆ ಹೋದ ಕನ್ನಡಿಗರು ಆ ಕ್ರಮವನ್ನು ತಿರುವುಮುರುವು ಮಾಡುವುದು ಲೇಸು: ಮೊದಲು ಸ್ನಾನ, ಮೈ ಪೂರ್ತಿ ಆರುವ ಮುನ್ನವೇ ಲೇಪನ. ಗ್ಲಿಸರಿನ್ ನೀರನ್ನು ಸೆಳೆದುಕೊಳ್ಳುತ್ತದೆ, ಆದರೆ ಒಣ ಗಾಳಿಯಲ್ಲಿ ಅದರ ಮೇಲೊಂದು ಹೊದಿಕೆ ಬೇಕು. ಪೆಟ್ರೋಲಿಯಂ ಜೆಲ್ಲಿ ಆ ಕೆಲಸವನ್ನು ಅಗ್ಗವಾಗಿಯೂ ಚೆನ್ನಾಗಿಯೂ ಮಾಡುತ್ತದೆ. ಸ್ಥಳೀಯರು ಏಪ್ರಿಕಾಟ್ ಬೀಜದ ಎಣ್ಣೆಯನ್ನು ಮೈಗೂ ಕೂದಲಿಗೂ ಬಳಸುತ್ತಾರೆ. ಅದು ಚರ್ಮವನ್ನು ಮೃದುವಾಗಿಸುತ್ತದೆ. ನೀರನ್ನು ತಡೆದಿಡುವುದರಲ್ಲಿ ಮಾತ್ರ ಜೆಲ್ಲಿಗೆ ಸಮನಲ್ಲ.

ಚಳಿಯಿದ್ದರೆ ಬಿಸಿಲಿನ ಭಯವಿಲ್ಲವೆಂಬುದು ತಪ್ಪು ತಿಳಿವಳಿಕೆ. ಎತ್ತರ 1,000 ಮೀಟರ್ ಹೆಚ್ಚಿದಂತೆ ನೇರಳಾತೀತ ಕಿರಣಗಳು ಸುಮಾರು ಶೇಕಡಾ 10ರಷ್ಟು ಹೆಚ್ಚುತ್ತವೆ. ಹೊಸ ಹಿಮ ಅವುಗಳ ಶೇಕಡಾ 80ರವರೆಗೂ ಪ್ರತಿಫಲಿಸಬಲ್ಲದು. ಆದ್ದರಿಂದ ಸನ್‌ಸ್ಕ್ರೀನನ್ನು ಗಲ್ಲದ ಅಡಿಗೂ ಮೂಗಿನ ಕೆಳಭಾಗಕ್ಕೂ ಹಚ್ಚಬೇಕು.

ಅಪಾಯದ ಲಕ್ಷಣಗಳು

ಬಿರುಕು, ತುರಿಕೆಗಳಿಗಿಂತ ಗಂಭೀರವಾದದ್ದು ಅಂಗಾಂಶವೇ ಹೆಪ್ಪುಗಟ್ಟುವ ಹಿಮಕಡಿತ. ಬೆರಳು, ಮೂಗು ಅಥವಾ ಕಿವಿ ಮರಗಟ್ಟಿ, ಬಿಳಿಚಿಕೊಂಡು ಅಥವಾ ಬೂದುಬಣ್ಣಕ್ಕೆ ತಿರುಗಿ, ಮೇಣದಂತೆ ಕಂಡರೆ ಲೇಪನದಿಂದ ಪ್ರಯೋಜನವಿಲ್ಲ. ಆ ಭಾಗವನ್ನು ಉಜ್ಜಕೂಡದು, ಹಿಮದಿಂದಂತೂ ಸರ್ವಥಾ ಕೂಡದು. ಸ್ಪರ್ಶಜ್ಞಾನವಿಲ್ಲದ ಚರ್ಮ ಸುಟ್ಟರೂ ತಿಳಿಯದಾದ್ದರಿಂದ ಬುಖಾರಿಗೆ ಒಡ್ಡಬಾರದು. ಮತ್ತೆ ಹೆಪ್ಪುಗಟ್ಟುವ ಸಂಭವವಿಲ್ಲದಿದ್ದರೆ ಮಾತ್ರ 37ರಿಂದ 39 ಡಿಗ್ರಿಯ ನೀರಿನಲ್ಲಿ ಮುಳುಗಿಸಿಟ್ಟು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.