ಮಾರಾಟಕ್ಕೆ ಬಂದ ಹಳೆಯ ಸಿಟ್ರೊಯೆನ್

ಹಳೆಯ ವಸ್ತುಗಳ ಮಾರಾಟದ ಪ್ರಕಟಣೆಗಳಲ್ಲಿ "ಸುಸ್ಥಿತಿಯಲ್ಲಿದೆ" ಎಂಬುದಕ್ಕಿಂತ ಹೆಚ್ಚು ಸವೆದ ಮಾತು ಮತ್ತೊಂದಿರಲಾರದು. ಮನೆಯನ್ನು ಮಾರುವವನೂ ವೀಣೆಯನ್ನು ಮಾರುವವನೂ ಮೋಟಾರು ಗಾಡಿಯನ್ನು ಮಾರುವವನೂ ಇದೇ ಮಾತನ್ನು ಆಡುತ್ತಾರೆ. ಅದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಕೊಳ್ಳುವವನು ತಾನೇ ಅರಿತುಕೊಳ್ಳಬೇಕು. ಅರಿತುಕೊಳ್ಳುವ ಬಗೆ ಯಾವುದೆಂಬುದನ್ನು ಪ್ರಸಿದ್ಧವಾದ ಒಂದು ಫ್ರೆಂಚ್ ಗಾಡಿಯ ನಿದರ್ಶನದಿಂದ ಈ ಹೊತ್ತು ವಿಚಾರಮಾಡೋಣ.

ಪ್ಯಾರಿಸ್ ನಗರದಲ್ಲಿ ಸೇನ್ ನದಿಯ ದಂಡೆಯ ಜಾವೆಲ್ ಎಂಬಲ್ಲಿದ್ದ ಸಿಟ್ರೊಯೆನ್ ಕಾರ್ಖಾನೆಯಿಂದ 1934ರಲ್ಲಿ ಹೊಸದೊಂದು ಗಾಡಿ ಹೊರಬಂದಿತು. ಅದನ್ನು ಜನರು "ತ್ರಾಕ್ಸಿಯೋಂ ಅವಾಂ" ಎಂದು ಕರೆದರು. ಮುಂಗಾಲಿಗಳಿಂದ ಎಳೆಯುವುದು ಎಂದು ಅದರ ಅರ್ಥ. ಆಗಿನ ಗಾಡಿಗಳಲ್ಲಿ ಹೆಚ್ಚಿನವು ಹಿಂಗಾಲಿಗಳ ಬಲದಿಂದ ನಡೆಯುತ್ತಿದ್ದವು. ಉಕ್ಕಿನ ಚೌಕಟ್ಟೊಂದರ ಮೇಲೆ ಅವುಗಳ ಮೈಯನ್ನು ಕೂರಿಸಿರುತ್ತಿದ್ದರು. ಈ ಗಾಡಿಗೆ ಬೇರೆ ಚೌಕಟ್ಟೇ ಇರಲಿಲ್ಲ. ಬೆಸುಗೆ ಹಾಕಿದ ಉಕ್ಕಿನ ಮೈಯೇ ಭಾರವನ್ನೆಲ್ಲ ಹೊರುತ್ತಿತ್ತು. ಬ್ರೇಕುಗಳು ದ್ರವದ ಒತ್ತಡದಿಂದ ಕೆಲಸಮಾಡುತ್ತಿದ್ದವು. ಪಟ್ಟಿ ಸ್ಪ್ರಿಂಗುಗಳ ಬದಲು ತಿರುಚಿಕೊಳ್ಳುವ ಉಕ್ಕಿನ ಸರಳುಗಳಿದ್ದವು. ಹಿಂಗಾಲಿಗಳಿಗೆ ಬಲವನ್ನು ಒಯ್ಯುವ ದಂಡ ಇಲ್ಲವಾದುದರಿಂದ ಒಳಗಿನ ನೆಲ ಮಟ್ಟಸವಾಗಿತ್ತು. ಗಾಡಿ ರಸ್ತೆಗೆ ಅಂಟಿಕೊಂಡಂತೆ ತಗ್ಗಾಗಿ ಓಡುತ್ತಿತ್ತು. ಇವುಗಳಲ್ಲಿ ಒಂದೊಂದೂ ಅದಕ್ಕೆ ಮೊದಲು ಬೇರೆ ಬೇರೆ ಕಡೆಗಳಲ್ಲಿ ಕಾಣಿಸಿಕೊಂಡಿದ್ದುಂಟು. ಎಲ್ಲವನ್ನೂ ಒಂದೇ ಗಾಡಿಯಲ್ಲಿ ಕೂಡಿಸಿ ಮಧ್ಯಮ ವರ್ಗದ ಗೃಹಸ್ಥನ ಬಾಗಿಲಿಗೆ ತಂದುದು ಇದರ ಹಿರಿಮೆ. ಇದನ್ನು ರೂಪಿಸಿದವರಲ್ಲಿ ಮುಖ್ಯರು ಇಬ್ಬರು: ಎಂಜಿನಿಯರಾದ ಆಂದ್ರೆ ಲಫೆಬ್ರ್ ಮತ್ತು ಇಟಲಿಯ ಶಿಲ್ಪಿ ಫ್ಲಾಮಿನಿಯೊ ಬೆರ್ತೊನಿ.

ಈ ಗಾಡಿಗಾಗಿ ತೆತ್ತ ಬೆಲೆಯಾದರೋ ಅಲ್ಪವಲ್ಲ. ಕಾರ್ಖಾನೆಯ ಒಡೆಯನಾದ ಆಂದ್ರೆ ಸಿಟ್ರೊಯೆನ್ ಸಾಹಸಿ; 1925ರಿಂದ ಐಫೆಲ್ ಗೋಪುರದ ಮೇಲೆ ತನ್ನ ಹೆಸರನ್ನು ದೀಪಗಳಲ್ಲಿ ಬೆಳಗಿಸಿದವನು. ಹೊಸ ಗಾಡಿಗೆಂದು ಆತನು 1933ರಲ್ಲಿ ಕಾರ್ಖಾನೆಯನ್ನೇ ಹೊಸದಾಗಿ ಕಟ್ಟಿಸಿದನು. ತಾನಾಗಿ ಬದಲಾಗುವ ಗೇರುಗಳನ್ನು ಅಳವಡಿಸಬೇಕೆಂಬ ಆಸೆ ಕೈಗೂಡಲಿಲ್ಲ. ಕಡೆಯ ಗಳಿಗೆಯಲ್ಲಿ ಕೈಯಿಂದ ನಡೆಸುವ ಮೂರು ಗೇರುಗಳ ಪೆಟ್ಟಿಗೆಯನ್ನು ಅವಸರದಿಂದ ಹೊಂದಿಸಬೇಕಾಯಿತು. ಮೊದಲ ಗಾಡಿಗಳಲ್ಲಿ ಮುಂಗಾಲಿಗಳಿಗೆ ಬಲವನ್ನು ಒಯ್ಯುವ ಕೀಲುಗಳು ಮುರಿದುವು. ಸಾಲ ಮಿತಿಮೀರಿತು. 1934ರ ಡಿಸೆಂಬರಿನಲ್ಲಿ ಸಂಸ್ಥೆ ದಿವಾಳಿಯೆದ್ದು, ಮುಖ್ಯ ಸಾಲಗಾರರಾಗಿದ್ದ ಮಿಶಲಿನ್ ಟೈರು ಸಂಸ್ಥೆಯವರ ಕೈಸೇರಿತು. 1935ರ ಜುಲೈ ತಿಂಗಳಲ್ಲಿ ಸಿಟ್ರೊಯೆನ್ ತೀರಿಕೊಂಡನು. ಆದರೆ ಗಾಡಿ ಉಳಿಯಿತು. ದೋಷಗಳು ಒಂದೊಂದಾಗಿ ತಿದ್ದಲ್ಪಟ್ಟವು; 1957ರಲ್ಲಿ ತಯಾರಿಕೆ ನಿಲ್ಲುವಷ್ಟರಲ್ಲಿ ಸುಮಾರು 7 ಲಕ್ಷ 60 ಸಾವಿರ ಗಾಡಿಗಳು ಸಿದ್ಧವಾಗಿದ್ದವು. ತನ್ನನ್ನು ಕಟ್ಟಿದವನನ್ನು ಮುಳುಗಿಸಿದ ಗಾಡಿಯೇ ಅವನ ಹೆಸರನ್ನು ಉಳಿಸಿತೆನ್ನಬೇಕು.

ಇಂಥ ಗಾಡಿಯೊಂದು ಇಂದು ಫ್ರಾನ್ಸಿನಲ್ಲಿ ಮಾರಾಟಕ್ಕೆ ಬಂದಿದೆಯೆಂದಿಟ್ಟುಕೊಳ್ಳೋಣ. ಕಪ್ಪು ಬಣ್ಣ ಮಿರುಗುತ್ತಿದೆ. ಮುಂಭಾಗದಲ್ಲಿ ಎರಡು ಬಾಣದ ಮೊನೆಗಳ ಗುರುತು ಹೊಳೆಯುತ್ತಿದೆ. ನೋಡುವವನು ಮರುಳಾಗಬಾರದು. ಹೊರಗೆ ಥಳುಕು ಒಳಗೆ ಹುಳುಕು ಎಂಬ ಗಾದೆ ಈ ವ್ಯಾಪಾರದಲ್ಲಿ ದಿನದಿನವೂ ನಿಜವಾಗುತ್ತದೆ. ಚೌಕಟ್ಟಿನ ಗಾಡಿಯಲ್ಲಿ ಮೈಗೆ ತುಕ್ಕು ಹಿಡಿದರೆ ತಗಡನ್ನು ಬದಲಿಸಬಹುದು. ಇಲ್ಲಿ ಮೈಯೇ ಎಲುಬಾದುದರಿಂದ ತುಕ್ಕು ಎಲುಬನ್ನೇ ತಿನ್ನುತ್ತದೆ. ಬಾಗಿಲುಗಳ ಕೆಳಗೆ ಹೊಸ್ತಿಲಿನಂತೆ ಹಾದುಹೋಗುವ ಪೊಳ್ಳು ತೊಲೆಗಳನ್ನು ಮೊದಲು ಪರೀಕ್ಷಿಸಬೇಕು. ಅವುಗಳ ಮೇಲೆ ಅಯಸ್ಕಾಂತವನ್ನು ಆಡಿಸಿದರೆ, ಉಕ್ಕಿರುವೆಡೆ ಅದು ಹಿಡಿಯುತ್ತದೆ, ಲಪ್ಪ ಮೆತ್ತಿ ಬಣ್ಣ ಬಳಿದಿರುವೆಡೆ ಜಾರುತ್ತದೆ. ಬಾಗಿಲುಗಳನ್ನು ತೆರೆದು ಮುಚ್ಚಿ ನೋಡಬೇಕು; ಬಾಗಿಲು ಜೋತುಬಿದ್ದಿದ್ದರೆ ಮೈ ಬಾಗಿದೆಯೆಂಬ ಶಂಕೆಗೆ ಎಡೆಯುಂಟು. ಎಂಜಿನನ್ನು ಹೊತ್ತು ಮುಂದಕ್ಕೆ ಚಾಚಿದ ಎರಡು ತೋಳುಗಳನ್ನೂ, ಕಾಲೊರಸಿನ ಕೆಳಗಣ ನೆಲವನ್ನೂ, ಹಿಂದಿನ ಸಾಮಾನುಪೆಟ್ಟಿಗೆಯ ತಳವನ್ನೂ ನೋಡದೆ ಬಿಡಬಾರದು.

ಅನಂತರ ಯಂತ್ರಭಾಗ. ಎಂಜಿನು ಗಟ್ಟಿಮುಟ್ಟಾದುದು, ಅದರ ಸಿಲಿಂಡರಿನ ಒಳಕೊಳವೆಗಳನ್ನು ಹೊರತೆಗೆದು ಹೊಸದನ್ನು ಇಡಬಹುದು. ಅವಸರದಲ್ಲಿ ಹುಟ್ಟಿದ ಗೇರುಪೆಟ್ಟಿಗೆಯಾದರೋ ಇಂದಿಗೂ ಇದರ ದುರ್ಬಲವಾದ ಅಂಗ. ಅದನ್ನು ಸಾವಧಾನದಿಂದ ನಡೆಸಬೇಕು. ಚಕ್ರವನ್ನು ಪೂರ್ತಿಯಾಗಿ ತಿರುಗಿಸಿ ಮೆಲ್ಲನೆ ಓಡಿಸಿದಾಗ ಮುಂಗಾಲಿಗಳ ಕಡೆಯಿಂದ ಟಕಟಕ ಸದ್ದು ಕೇಳಿಬಂದರೆ ಕೀಲುಗಳು ಸವೆದಿವೆಯೆಂದು ತಿಳಿಯಬೇಕು. ಬಹುಕಾಲ ಓಡದೆ ನಿಂತ ಗಾಡಿ ಚೆನ್ನಾಗಿ ಉಳಿದಿರುತ್ತದೆಂಬುದು ಒಂದು ಭ್ರಮೆ. ನಿಂತಲ್ಲಿ ಬ್ರೇಕುಗಳು ಬಿಗಿದುಕೊಳ್ಳುತ್ತವೆ, ರಬ್ಬರು ಬಿರುಸಾಗುತ್ತದೆ, ಪೆಟ್ರೋಲು ಅಂಟಾಗುತ್ತದೆ.

ಗಾಡಿಯ ವಯಸ್ಸನ್ನು ಅದರ ಅಂಗಗಳೇ ಹೇಳುತ್ತವೆ. 1952ಕ್ಕೆ ಮೊದಲಿನ ಸಾಮಾನ್ಯ ಗಾಡಿಗಳಲ್ಲಿ ಹೆಚ್ಚುವರಿ ಗಾಲಿಯನ್ನು ಹಿಂದಿನ ಮುಚ್ಚಳಕ್ಕೆ ಹೊಂದಿಸಿರುತ್ತಿತ್ತು. ಆ ವರ್ಷ ಉಬ್ಬಿದ ದೊಡ್ಡ ಪೆಟ್ಟಿಗೆ ಬಂದು ಗಾಲಿ ಅದರೊಳಕ್ಕೆ ಸೇರಿತು. ಕಾಗದಗಳಲ್ಲಿ ಒಂದು ವರ್ಷವಿದ್ದು ಹಿಂಭಾಗ ಮತ್ತೊಂದು ವರ್ಷವನ್ನು ಸೂಚಿಸಿದರೆ ಕಾರಣವನ್ನು ಕೇಳಲೇಬೇಕು. ಎಂಜಿನ್ ಕೋಣೆಯ ತಗಡಿನ ಮೇಲಿನ ಕ್ರಮಸಂಖ್ಯೆಯನ್ನು ಕಾಗದಗಳೊಡನೆ ಹೋಲಿಸಿ ನೋಡಬೇಕು.

ಇಷ್ಟೆಲ್ಲ ಪರೀಕ್ಷೆಯಲ್ಲಿ ತೇರ್ಗಡೆಯಾದ ಗಾಡಿಯನ್ನು ಕೊಂಡಮೇಲೆ ನಿಜವಾದ ಪ್ರಶ್ನೆ ಎದುರಾಗುತ್ತದೆ. ಮಾಸಿದ ಬಣ್ಣವನ್ನು ಕೆರೆದು ಹೊಸದನ್ನು ಬಳಿಯಬೇಕೆ? ಸವೆದ ಆಸನದ ಬಟ್ಟೆಯನ್ನು ಕಿತ್ತೆಸೆಯಬೇಕೆ? ಹಿಂದೆ ಹಾಗೆ ಮಾಡುವುದೇ ರೂಢಿಯಾಗಿತ್ತು. ಪುರಾತನ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು ಅಂಗೀಕರಿಸಿರುವ ಟ್ಯೂರಿನ್ ಸನ್ನದು ಬೇರೆ ದಾರಿಯನ್ನು ತೋರಿಸುತ್ತದೆ: ಇದ್ದುದನ್ನು ಕಾಪಾಡುವುದು ಮೊದಲು, ಹೊಸದಾಗಿಸುವುದು ಅನಿವಾರ್ಯವಾದೆಡೆ ಮಾತ್ರ. ಇದರ ನ್ಯಾಯ ಸರಳವಾದುದು. ಜಾವೆಲಿನ ಕೆಲಸಗಾರನು ಬಳಿದ ಬಣ್ಣ ಒಂದೇ ಸಲ ಇರಬಲ್ಲದು. ಕೆರೆದುಹಾಕಿದರೆ ಯಾವ ಹಣವೂ ಅದನ್ನು ಮರಳಿ ತರಲಾರದು. ಪೆಡಲಿನ ಸವೆತವೂ ಆಸನದ ತಗ್ಗೂ ಆ ಗಾಡಿಯಲ್ಲಿ ಕುಳಿತು ಹೋದ ಸಂಸಾರಗಳ ಗುರುತುಗಳು.

ಹಾಗೆಂದು ಕೊಳೆತ ಬ್ರೇಕಿನ ಕೊಳವೆಯನ್ನು ಇತಿಹಾಸವೆಂದು ಉಳಿಸಿಕೊಳ್ಳುವುದು ವಿವೇಕವಲ್ಲ. ರಸ್ತೆಯಲ್ಲಿ ನಡೆಯುವವರ ಪ್ರಾಣ ಬಣ್ಣಕ್ಕಿಂತ ದೊಡ್ಡದು. ಅಪಾಯಕ್ಕೆ ಕಾರಣವಾಗುವುದನ್ನು ಬದಲಿಸಬೇಕು, ಕೇವಲ ಕಣ್ಣಿಗೆ ಹಳತಾಗಿ ಕಾಣುವುದನ್ನು ಬಿಡಬೇಕು, ಬದಲಿಸಿದುದನ್ನು ಬರೆದಿಡಬೇಕು. ಈ ಮೂರನ್ನು ಪಾಲಿಸಿದವನು ಮುಂದೊಂದು ದಿನ ಅದೇ ಗಾಡಿಯನ್ನು ಮಾರಲು ಹೊರಟಾಗ, ಸವೆದುಹೋದ ಆ ಒಂದು ಮಾತನ್ನು ತಲೆತಗ್ಗಿಸದೆ ಆಡಬಲ್ಲನು.