ಆಳಂದ, ಅಫಜಲಪುರ, ಜೇವರ್ಗಿಗೆ ಪಾರ್ಸೆಲ್: ಯಾರ ಕೈಗೆ ಕೊಟ್ಟರೆ ತಲುಪುತ್ತದೆ?



ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದವರೇ. ಆದರೆ ಅದು ನಮ್ಮ ತೋಟದ ಅಡಿಕೆಗೇ ಒಂದು ದಿನ ಅಕ್ಷರಶಃ ಅನ್ವಯಿಸೀತೆಂದು ನಾವು ಎಣಿಸಿರಲಿಲ್ಲ.

ನಮ್ಮೂರ ಶಾಲೆಯಲ್ಲಿ ಬಹಳ ವರ್ಷ ಮೇಷ್ಟ್ರಾಗಿದ್ದು, ನಿವೃತ್ತಿಯ ನಂತರ ಜೇವರ್ಗಿ ತಾಲ್ಲೂಕಿನ ತಮ್ಮ ಹಳ್ಳಿಗೆ ಮರಳಿದ ಸ್ನೇಹಿತರೊಬ್ಬರಿದ್ದಾರೆ. ಮಗಳ ಮದುವೆಗೆ ಹತ್ತು ಕಿಲೋ ಅಡಿಕೆ, ಎರಡು ಕಿಲೋ ಕಾಫಿಪುಡಿ ಕಳಿಸಿಕೊಡಿ ಎಂದು ಕೇಳಿದರು. ಮದುವೆಗೆ ಇನ್ನೂ ಹನ್ನೆರಡು ದಿನ ಇರುವಾಗಲೇ ಪಟ್ಟಣಕ್ಕೆ ಹೋಗಿ, ಒಂದು ಖಾಸಗಿ ಕೊರಿಯರಿನವರಲ್ಲಿ ಕೊಟ್ಟು, ಕೇಳಿದಷ್ಟು ಹಣ ತೆತ್ತು, ನಿಶ್ಚಿಂತರಾಗಿ ಮನೆಗೆ ಬಂದೆವು. ನಾಲ್ಕನೆಯ ದಿನ ಪಾರ್ಸೆಲ್ ಕಲಬುರಗಿ ಮುಟ್ಟಿದೆ ಎಂದು ಮೊಬೈಲಿನಲ್ಲಿ ಬಂತು. ಅಲ್ಲಿಗೆ ಅದರ ಓಟ ನಿಂತಿತು. ಆಮೇಲೆ ಬಂದದ್ದು 'ವಿಳಾಸದಲ್ಲಿ ಯಾರೂ ಇಲ್ಲ' ಎಂಬ ಒಂದು ಸಾಲು. ಚಪ್ಪರ ಹಾಕಿ, ನೆಂಟರಿಷ್ಟರು ತುಂಬಿ, ಊರಿಗೆ ಊರೇ ಬಂದು ಹೋಗುತ್ತಿದ್ದ ಮನೆಯಲ್ಲಿ ಯಾರೂ ಇಲ್ಲವೆಂದು ಬರೆದ ಪುಣ್ಯಾತ್ಮ ಆ ಹಳ್ಳಿಯ ದಾರಿಯನ್ನೇ ಕಂಡಿರಲಾರ. ಮದುವೆಯ ಮರುದಿನ ಮೇಷ್ಟ್ರು ಫೋನು ಮಾಡಿ, "ಲಗ್ನ ಮುಗದ್ಹೋತ್ರೀ, ಅಡಕಿ ಇನ್ನಾ ದಾರ್ಯಾಗೇ ಅದ" ಎಂದು ನಕ್ಕರು. ನಮಗೆ ನಗು ಬರಲಿಲ್ಲ. ಕೊನೆಗೂ ಸಿಕ್ಕ ಚೀಲ ಎಲ್ಲೋ ನೆನೆದು, ಅಡಿಕೆಗೆ ಬೂಷ್ಟು ಹಿಡಿದಿತ್ತು.

ಇದು ನಮ್ಮ ಸ್ವಂತ ಕಷ್ಟವೆಂದು ಸುಮ್ಮನಾಗಬಹುದಿತ್ತು. ಆದರೆ ಬಯಲುಸೀಮೆಯ ಅಂಗಡಿಗಳಿಗೆ, ಪರಿಚಯದ ಮನೆಗಳಿಗೆ ನೇರವಾಗಿ ಮಾಲು ಕಳಿಸಲು ಆರಂಭಿಸಿರುವ ಸದಸ್ಯರಿದ್ದಾರೆ. ಮಂಡಿಯ ಮೂಲಕ ಹೋದ ಅಡಿಕೆಗೆ ಬೆಳೆದವನ ಹೆಸರಿರುವುದಿಲ್ಲ, ನೇರವಾಗಿ ಹೋದದ್ದಕ್ಕೆ ಇರುತ್ತದೆ. ಮಾಲು ತಲುಪದಿದ್ದರೆ ಕೆಡುವುದೂ ಅದೇ ಹೆಸರು. ಗಿರಾಕಿ ಸಾಗಣೆಯವನನ್ನು ಬೈಯುವುದಿಲ್ಲ, ನಮ್ಮನ್ನೇ ಬೈಯುತ್ತಾನೆ. ಆದ್ದರಿಂದ ಯಾವ ಸೇವೆಯನ್ನು ಎಷ್ಟರಮಟ್ಟಿಗೆ ನೆಚ್ಚಬಹುದೆಂದು ವಿಚಾರಿಸಿ, ತಿಳಿದದ್ದನ್ನು ಇಲ್ಲಿ ಸದಸ್ಯರ ಮುಂದಿಡುತ್ತಿದ್ದೇವೆ.

ತೊಡಕು ಇರುವುದು ಕೊನೆಯ ದಾರಿಯಲ್ಲಿ

ನಮ್ಮ ಮಲೆನಾಡಿನಿಂದ ಕಲಬುರಗಿಗೆ ಐನೂರು ಕಿಲೋಮೀಟರು ಮೀರಿದ ದಾರಿ. ಆಶ್ಚರ್ಯವೆಂದರೆ ಈ ಉದ್ದದ ದಾರಿಯಲ್ಲಿ ಪಾರ್ಸೆಲ್ ಸಾಮಾನ್ಯವಾಗಿ ತಪ್ಪಿಹೋಗುವುದಿಲ್ಲ. ತೊಡಕೆಲ್ಲ ಕಲಬುರಗಿಯಿಂದ ಆಚೆಗೆ. ಆಳಂದ ಅಲ್ಲಿಂದ ವಾಯವ್ಯಕ್ಕೆ ಸುಮಾರು 40 ಕಿಲೋಮೀಟರು, ಜೇವರ್ಗಿ ದಕ್ಷಿಣಕ್ಕೆ ಹೆಚ್ಚುಕಡಿಮೆ ಅಷ್ಟೇ, ಅಫಜಲಪುರ ಪಶ್ಚಿಮಕ್ಕೆ ಇನ್ನೂ ಸ್ವಲ್ಪ ದೂರ. ಮೂರು ದಿಕ್ಕಿಗೆ ಮೂರು ಊರು. ಒಂದೇ ಗಾಡಿ ಮೂರಕ್ಕೂ ಹೋಗಿಬರಲಾಗದು.

ಮುಂಬಯಿ–ಚೆನ್ನೈ ರೈಲುದಾರಿ ಕಲಬುರಗಿಯ ಮೇಲೆ ಹೋಗುತ್ತದಾದರೂ ಈ ಮೂರು ತಾಲ್ಲೂಕು ಕೇಂದ್ರಗಳಲ್ಲಿ ಒಂದಕ್ಕೂ ರೈಲು ನಿಲ್ದಾಣವಿಲ್ಲ. ಹಾಗಾಗಿ ರೈಲ್ವೆ ಪಾರ್ಸೆಲಿನ ಮಾತನ್ನು ಇಲ್ಲಿಗೇ ಬಿಡೋಣ. ಮಳೆಗಾಲದ ತೊಂದರೆ ಬೇರೆ ಇದೆ. ಭೀಮಾನದಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಹರಿಯುತ್ತದೆ. ನಮ್ಮಲ್ಲಿ ಮಳೆ ಹೊಳವಾಗಿದ್ದರೂ, ಮಹಾರಾಷ್ಟ್ರದಲ್ಲಿ ಮಳೆ ಜೋರಾಗಿ ಉಜನಿ ಜಲಾಶಯದಿಂದ ನೀರು ಬಿಟ್ಟರೆ ಅಲ್ಲಿ ಸೇತುವೆಗಳು ಮುಳುಗುತ್ತವೆ. 2020ರ ಅಕ್ಟೋಬರಿನಲ್ಲಿಯೂ 2025ರ ಸೆಪ್ಟೆಂಬರಿನಲ್ಲಿಯೂ ಭೀಮೆ ಉಕ್ಕಿ ನದಿದಂಡೆಯ ಊರುಗಳಿಗೆ ನೀರು ನುಗ್ಗಿತು. ಅಂಥ ವಾರದಲ್ಲಿ ಯಾವ ಸೇವೆಯಾದರೂ ಒಂದೇ. ಮೊದಲು ಆ ಊರಿನವರಿಗೆ ಫೋನು ಮಾಡಿ ದಾರಿಯ ಸ್ಥಿತಿ ಕೇಳಿ, ಆಮೇಲೆ ಕಳಿಸುವುದು ಜಾಣತನ.

ಅಂಚೆ

ಹಳ್ಳಿಯ ಮನೆಬಾಗಿಲಿನ ಮಟ್ಟಿಗೆ ಅಂಚೆಗೆ ಸಮನಾದ ಸೇವೆ ಇನ್ನೊಂದಿಲ್ಲ. ದೇಶದಲ್ಲಿ 1 ಲಕ್ಷ 60 ಸಾವಿರಕ್ಕೂ ಹೆಚ್ಚು ಅಂಚೆ ಕಚೇರಿಗಳಿವೆ, ಅವುಗಳಲ್ಲಿ ಬಹುಪಾಲು ಗ್ರಾಮಾಂತರದಲ್ಲಿವೆ. ಮೇಷ್ಟ್ರ ಮನೆ ಯಾವ ಓಣಿಯಲ್ಲಿದೆ, ಅವರು ಹೊಲಕ್ಕೆ ಹೋದರೆ ಪಾರ್ಸೆಲನ್ನು ಯಾರ ಕೈಗೆ ಕೊಡಬಹುದು ಎಂಬುದು ಆ ಹಳ್ಳಿಯ ಅಂಚೆಯವನಿಗೆ ಗೊತ್ತು. ಇದು ಯಾವ ಯಂತ್ರವೂ ಕೊಡಲಾಗದ ಅನುಕೂಲ.

1986ರ ಆಗಸ್ಟ್ 1ರಂದು ಆರಂಭವಾದ ಸ್ಪೀಡ್ ಪೋಸ್ಟನ್ನು ಎಲ್ಲರೂ ಬಲ್ಲರು. ನಮ್ಮ ಹಿರಿಯರು ನೆಚ್ಚಿದ್ದ ರಿಜಿಸ್ಟರ್ಡ್ ಅಂಚೆಯನ್ನು 2025ರಲ್ಲಿ ಅದರಲ್ಲೇ ವಿಲೀನ ಮಾಡಲಾಗಿದೆ. ಪಡೆಯುವವರ ಫೋನಿಗೆ ಬಂದ ಸಂಖ್ಯೆಯನ್ನು ಹೇಳಿದರೆ ಮಾತ್ರ ಪಾರ್ಸೆಲ್ ಕೊಡುವ ಏರ್ಪಾಡೂ ಅದೇ ವರ್ಷ ಬಂದಿದೆ. ಕೇಳಿ ಪಡೆಯಬೇಕಷ್ಟೆ.

ಅಂಚೆಯ ಕೊರತೆಯನ್ನೂ ಹೇಳಬೇಕು. ಕಳೆದುಹೋದರೆ ಸಿಗುವ ಪರಿಹಾರ ಬಹಳ ಕಡಿಮೆ. 1898ರ ಅಂಚೆ ಕಾಯ್ದೆ ಇಲಾಖೆಯನ್ನು ಹೊಣೆಯಿಂದ ಹೆಚ್ಚುಕಡಿಮೆ ಪೂರ್ತಿ ಬಿಡಿಸಿತ್ತು. ಅದರ ಬದಲಿಗೆ 2024ರ ಜೂನಿನಿಂದ ಜಾರಿಗೆ ಬಂದ 2023ರ ಕಾಯ್ದೆಯೂ ನಿಯಮದಲ್ಲಿ ಹೇಳಿದಷ್ಟಕ್ಕೇ ಹೊಣೆಯನ್ನು ಸೀಮಿತಗೊಳಿಸಿದೆ. ಆದ್ದರಿಂದ ಬೆಲೆಬಾಳುವ ಮಾಲಾದರೆ ವಿಮೆ ಮಾಡಿಸದೆ ಕಳಿಸಬಾರದು. ಮೂಟೆಗಟ್ಟಲೆ ಮಾಲಿಗಂತೂ ಅಂಚೆ ಒದಗುವುದಿಲ್ಲ. ಐದು, ಹತ್ತು ಕಿಲೋದ ಮಾತಿಗೆ ಅದು ಸರಿ.

ಸರ್ಕಾರಿ ಬಸ್ಸು

ಬಸ್ಸಿನ ಮೇಲೆ ಮಾಲು ಹಾಕಿ ಕಂಡಕ್ಟರಿಗೆ ಹೇಳಿ ಕಳಿಸುತ್ತಿದ್ದ ಕಾಲ ನಮಗೆಲ್ಲ ನೆನಪಿದೆ. ರಾಜ್ಯ ರಸ್ತೆ ಸಾರಿಗೆ ಸಂಸ್ಥೆ 2021ರ ಫೆಬ್ರವರಿ 26ರಂದು 'ನಮ್ಮ ಕಾರ್ಗೊ' ಹೆಸರಿನಲ್ಲಿ ಇದನ್ನು ಕ್ರಮಬದ್ಧವಾದ ಸೇವೆಯಾಗಿ ಆರಂಭಿಸಿತು. ಬಸ್ ನಿಲ್ದಾಣದ ಕೌಂಟರಿನಲ್ಲಿ ತೂಕ ಮಾಡಿಸಿ, ರಸೀದಿ ಪಡೆದು ಕಳಿಸಬಹುದು. ನಮ್ಮ ಕಡೆಯ ಬಸ್ಸುಗಳು ಒಂದು ನಿಗಮಕ್ಕೆ ಸೇರಿದವು. ಕಲಬುರಗಿಯವು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದವು (2021ರವರೆಗೆ ಇದನ್ನೇ ಈಶಾನ್ಯ ಸಾರಿಗೆ ಎನ್ನುತ್ತಿದ್ದೆವು). ಪಾರ್ಸೆಲ್ ನಡುವೆ ಒಂದು ಬಸ್ಸಿನಿಂದ ಇನ್ನೊಂದಕ್ಕೆ ಬದಲಾಗಬೇಕಾಗುತ್ತದೆ ಎಂಬುದನ್ನು ಗಮನದಲ್ಲಿಡಬೇಕು.

ಬಸ್ಸಿನ ಹೆಚ್ಚುಗಾರಿಕೆ ಎಂದರೆ ಅದು ಹೊರಡುವ ಹೊತ್ತು ಗೊತ್ತಿರುತ್ತದೆ, ಜನ ಇರಲಿ ಬಿಡಲಿ ಹೊರಡುತ್ತದೆ. ಪಾರ್ಸೆಲ್ಲು ತುಂಬಲಿ ಎಂದು ಕಾಯುವುದಿಲ್ಲ. ಮೇಷ್ಟ್ರು ವರ್ಷಕ್ಕೊಮ್ಮೆ ನಮಗೆ ತೊಗರಿಬೇಳೆ ಕಳಿಸುವುದು ಬಸ್ಸಿನಲ್ಲೇ. 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಅದೇ ಕಲಬುರಗಿ ತೊಗರಿ. ಕಳಿಸಿದ ಕೂಡಲೇ ರಸೀದಿಯ ಸಂಖ್ಯೆಯನ್ನು ಫೋನಿನಲ್ಲಿ ಓದಿ ಹೇಳುತ್ತಾರೆ, ಬರೆದುಕೊಂಡು ಮತ್ತೊಮ್ಮೆ ನಮ್ಮಿಂದ ಓದಿಸುತ್ತಾರೆ. ಇದುವರೆಗೆ ಒಂದು ಚೀಲವೂ ತಪ್ಪಿಲ್ಲ. ಮೇಷ್ಟ್ರ ಶಿಸ್ತಿಗೂ ಅದರಲ್ಲಿ ಪಾಲಿದೆ ಎಂದು ನಮ್ಮ ನಂಬಿಕೆ.

ಕೊರತೆಯೇನೆಂದರೆ ಇದು ಮುಖ್ಯವಾಗಿ ನಿಲ್ದಾಣದಿಂದ ನಿಲ್ದಾಣಕ್ಕೆ ಇರುವ ಸೇವೆ. ಪಡೆಯುವವರೇ ಬಂದು ಒಯ್ಯಬೇಕು. ತಾಲ್ಲೂಕು ಕೇಂದ್ರದ ನಿಲ್ದಾಣದಲ್ಲೇ ಮಾಲು ಕೊಡುತ್ತಾರೋ, ಕಲಬುರಗಿಯವರೆಗೆ ಬರಬೇಕೋ, ಕೌಂಟರು ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂಬುದನ್ನು ಕೊಡುವ ಮೊದಲೇ ಕೇಳಿ ಖಚಿತ ಮಾಡಿಕೊಳ್ಳಿ.

ಲಾರಿ ಸಾಗಣೆ

ಅಂಗಡಿಗೆ ಮೂಟೆ ಕಳಿಸುವವರಿಗೆ ಪಾರ್ಸೆಲ್ ಲಾರಿಯೇ ಗತಿ. ಅಲ್ಲಿನ ವ್ಯಾಪಾರಿಗೆ ಬೇಕಾದದ್ದು 'ಬಿಲ್ಟಿ', ನಮ್ಮ ಕಡೆಯ ಎಲ್.ಆರ್. ಈ ಕಾಗದ ಕೈಯಲ್ಲಿದ್ದರೆ ಮಾಲು ಅರ್ಧ ಬಂದಂತೆ.

ಈ ಸಾಗಣೆಯವರ ಹೊಣೆಯನ್ನು 2007ರ ರಸ್ತೆ ಸಾಗಣೆ ಕಾಯ್ದೆ ನಿಗದಿ ಮಾಡಿದೆ. ಅದು 1865ರ ಹಳೆಯ ಕಾಯ್ದೆಯ ಬದಲಿಗೆ ಬಂದು, 2011ರಿಂದ ಜಾರಿಯಲ್ಲಿದೆ. ಇದರಲ್ಲಿ ಸದಸ್ಯರು ತಿಳಿಯಬೇಕಾದ ಎರಡು ಅಂಶಗಳಿವೆ. ಮೊದಲನೆಯದು, ಹೆಚ್ಚಿನ ಬೆಲೆಯನ್ನು ಮೊದಲೇ ಘೋಷಿಸಿ ಅದಕ್ಕೆ ತಕ್ಕ ದರ ಕೊಡದಿದ್ದರೆ, ನಷ್ಟಕ್ಕೆ ಸಿಗುವ ಪರಿಹಾರ ಸಾಗಣೆ ಬಾಡಿಗೆಯ ಹತ್ತು ಪಟ್ಟನ್ನು ಮೀರುವುದಿಲ್ಲ. 20,000 ರೂಪಾಯಿಯ ಅಡಿಕೆಗೆ 200 ರೂಪಾಯಿ ಬಾಡಿಗೆ ಕೊಟ್ಟಿದ್ದರೆ 2,000ಕ್ಕೆ ತೃಪ್ತಿಪಡಬೇಕು. ಎರಡನೆಯದು, ಮಾಲು ಕಾಣೆಯಾದರೆ ಬುಕ್ ಮಾಡಿದ ದಿನದಿಂದ 180 ದಿನಗಳ ಒಳಗೆ ಬರಹದಲ್ಲಿ ನೋಟಿಸು ಕೊಡಬೇಕು. 'ಇವತ್ತು ಬರುತ್ತದೆ, ನಾಳೆ ಬರುತ್ತದೆ' ಎಂಬ ಮಾತು ನಂಬಿ ಆರು ತಿಂಗಳು ಕಳೆದವರಿಗೆ ನ್ಯಾಯಾಲಯದ ಬಾಗಿಲೂ ಮುಚ್ಚುತ್ತದೆ. ಮಾಲಿನ ಬೆಲೆ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ಲು ಮಾಡಿಸುವುದನ್ನೂ ಮರೆಯಬಾರದು.

ಖಾಸಗಿ ಕೊರಿಯರು

ನಮಗೆ ಪೆಟ್ಟು ಬಿದ್ದದ್ದು ಇಲ್ಲಿ, ಆದರೂ ಎಲ್ಲರನ್ನೂ ದೂರುವುದು ನ್ಯಾಯವಲ್ಲ. ನಗರದಿಂದ ನಗರಕ್ಕೆ ಇವರ ವೇಗ ಮೆಚ್ಚುವಂಥದೇ. ಕಾಫಿಪುಡಿಯ ಮಾದರಿ, ಕಾಗದಪತ್ರ ಇಂಥವಕ್ಕೆ ಕೊರಿಯರು ಅನುಕೂಲ. ಕೇಳಬೇಕಾದ ಪ್ರಶ್ನೆ ಒಂದೇ: "ನಾವು ಕಳಿಸುವ ಊರಿನಲ್ಲಿ ನಿಮ್ಮದೇ ಕಚೇರಿ ಇದೆಯೇ, ಇಲ್ಲ ಕಲಬುರಗಿಯಿಂದ ಬೇರೆಯವರ ಕೈಗೆ ಕೊಡುತ್ತೀರೋ?" ನಾವು ಈ ಪ್ರಶ್ನೆ ಕೇಳಲಿಲ್ಲ. ಬರಿಯ 'ಆಗುತ್ತೆ ಸಾರ್' ಎಂಬ ಉತ್ತರ ಬಂದರೆ ಪಾರ್ಸೆಲನ್ನು ಕಂಕುಳಲ್ಲಿಟ್ಟುಕೊಂಡು ಹೊರಗೆ ಬನ್ನಿ.

ರಸೀದಿಯ ಹಿಂಬದಿಯ ಸಣ್ಣ ಅಕ್ಷರಗಳನ್ನೂ ಓದಬೇಕು. ಭಾರತಿ ನಿಟ್ಟಿಂಗ್ ಕಂಪನಿ ಎಂಬ ರಫ್ತುದಾರರು ಜರ್ಮನಿಗೆ ಕೊರಿಯರಿನಲ್ಲಿ ಕಳಿಸಿದ ಕಾಗದಪತ್ರ ತಲುಪದೆ ದೊಡ್ಡ ನಷ್ಟವಾದಾಗ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ರಸೀದಿಗೆ ಸಹಿ ಹಾಕಿದ ಮೇಲೆ ಅದರಲ್ಲಿ ಮುದ್ರಿಸಿದ 100 ಡಾಲರಿನ ಮಿತಿಗೆ ಕಳಿಸಿದವರು ಬದ್ಧರೆಂದು 1996ರಲ್ಲಿ ತೀರ್ಪಾಯಿತು. ಅಂಥ ಕಂಪನಿಯ ಗತಿಯೇ ಹೀಗಾದರೆ ಹತ್ತು ಕಿಲೋ ಅಡಿಕೆಯ ನಮ್ಮ ಪಾಡೇನು? ಆದರೂ ಸೇವೆಯ ಲೋಪಕ್ಕೆ ಬಳಕೆದಾರರ ಆಯೋಗವಿದೆ. 2019ರ ಕಾಯ್ದೆಯಂತೆ ನಾವು ವಾಸವಿರುವ ಜಿಲ್ಲೆಯಲ್ಲೇ ಎರಡು ವರ್ಷಗಳೊಳಗೆ ದೂರು ಕೊಡಬಹುದು, ಕಲಬುರಗಿಗೆ ಅಲೆಯಬೇಕಿಲ್ಲ.

ಅರ್ಧ ತಪ್ಪು ನಮ್ಮದೇ

ನಿಜ ಹೇಳಬೇಕೆಂದರೆ ನಮ್ಮ ಚೀಲದ ಮೇಲೆ ಬರೆದ ವಿಳಾಸವೂ ಸರಿಯಿರಲಿಲ್ಲ. ಹಳ್ಳಿಯ ಹೆಸರಿನ ಕೆಳಗೆ ಜೇವರ್ಗಿ ಪಟ್ಟಣದ ಪಿನ್ ಹಾಕಿದ್ದೆವು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರಂಕಿಯಲ್ಲಿ ಕೊನೆಯ ಮೂರು ಅಂಕಿ ಬಟವಾಡೆ ಮಾಡುವ ಕಚೇರಿಯನ್ನು ತೋರಿಸುತ್ತವೆ. ಅಫಜಲಪುರ 585301, ಆಳಂದ 585302, ಜೇವರ್ಗಿ 585310 ಸರಿ. ಆದರೆ ಇವು ಪಟ್ಟಣದವು. ಹಳ್ಳಿಯದು ಬೇರೆ ಇರಬಹುದು, ಪಡೆಯುವವರನ್ನೇ ಕೇಳಿ ಬರೆಯಬೇಕು.

ಹೆಸರುಗಳ ಗೊಂದಲವೂ ಉಂಟು. ಜಿಲ್ಲೆ 2014ರ ನವೆಂಬರ್ 1ರಿಂದ ಕಲಬುರಗಿ ಆಗಿದ್ದರೂ ಎಷ್ಟೋ ಕಡೆ ಹಳೆಯ ಗುಲಬರ್ಗವೇ ಬಳಕೆಯಲ್ಲಿದೆ. ಆಳಂದ ಎಂದು ಬರೆದದ್ದನ್ನು ಅವಸರದಲ್ಲಿ ಓದಿದರೆ ಪುಣೆ ಜಿಲ್ಲೆಯ ಯಾತ್ರಾಸ್ಥಳ ಆಳಂದಿ ಆದೀತು. ಊರು, ತಾಲ್ಲೂಕು, ಜಿಲ್ಲೆ, ಪಿನ್, ಎರಡು ಫೋನ್ ನಂಬರು ಇಷ್ಟನ್ನೂ ದಪ್ಪ ಅಕ್ಷರದಲ್ಲಿ ಬರೆದು, ಒಂದು ಪ್ರತಿಯನ್ನು ಚೀಲದ ಒಳಗೂ ಇಡಬೇಕು. ಹೊರಗಿನ ಚೀಟಿ ಹರಿದರೂ ಒಳಗಿನದು ಉಳಿಯುತ್ತದೆ.

ಕಟ್ಟುವ ಕ್ರಮವೂ ಅಷ್ಟೇ ಮುಖ್ಯ. ಚೆನ್ನಾಗಿ ಒಣಗಿದ ಅಡಿಕೆಯನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಅದರ ಮೇಲೆ ಗೋಣಿ ಹೊಲಿಯಬೇಕು. ಹಸಿ ಉಳಿದ ಅಡಿಕೆಯನ್ನು ಪ್ಲಾಸ್ಟಿಕಿನಲ್ಲಿ ಕಟ್ಟಿದರೆ ಒಳಗೇ ಬೆವರಿ ಬೂಷ್ಟು ಹಿಡಿಯುತ್ತದೆ. ಕಾಫಿಪುಡಿ ಸುತ್ತಲಿನ ವಾಸನೆಯನ್ನೂ ತೇವವನ್ನೂ ಬೇಗ ಹೀರುವುದರಿಂದ ಅದನ್ನು ಬೇರೆಯಾಗಿಯೇ ಗಾಳಿಯಾಡದಂತೆ ಕಟ್ಟಬೇಕು. ಹೊಲಿದ ಚೀಲದ ಒಂದು ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡರೆ ಮುಂದೆ ದೂರಿಗೆ ಆಧಾರವಾಗುತ್ತದೆ.

ನಮ್ಮ ಅಭಿಪ್ರಾಯ

ಇಷ್ಟೆಲ್ಲ ನೋಡಿದ ಮೇಲೆ ನಮಗೆ ತೋರುವುದು ಹೀಗಿದೆ:

1. ಹಳ್ಳಿಯ ಮನೆಗೆ, ಹತ್ತು ಕಿಲೋದೊಳಗಿನ ಮಾಲಾದರೆ ಅಂಚೆ. ವಿಮೆ ಮಾಡಿಸಿ.

2. ತಾಲ್ಲೂಕು ಪಟ್ಟಣದ ಅಂಗಡಿಗೆ ಒಂದೆರಡು ಚೀಲವಾದರೆ ಬಸ್ಸು. ಪಡೆಯುವವರು ನಿಲ್ದಾಣಕ್ಕೆ ಬರುವಂತಿರಬೇಕು.

3. ಮೂಟೆಗಳಾದರೆ ಲಾರಿ. ಬೆಲೆ ಘೋಷಿಸಿ, ಬಿಲ್ಟಿ ಕೈಗೆ ಬಂದ ಮೇಲೆಯೇ ಅಲ್ಲಿಂದ ಏಳಿ.

4. ಮಾದರಿ, ಕಾಗದಪತ್ರಕ್ಕೆ ಕೊರಿಯರು. ಆ ಊರಿನಲ್ಲಿ ಅವರದೇ ಕಚೇರಿ ಇದ್ದರೆ ಮಾತ್ರ.

5. ಮದುವೆ, ಗೃಹಪ್ರವೇಶದಂಥ ದಿನ ಗೊತ್ತಾದ ಕಾರ್ಯಕ್ಕೆ ಮೂರು ವಾರ ಮೊದಲೇ ಕಳಿಸಿ. ಅಡಿಕೆ ಅಷ್ಟು ದಿನ ಕಾಯುತ್ತದೆ, ಮುಹೂರ್ತ ಕಾಯುವುದಿಲ್ಲ.

ಒಟ್ಟಿನಲ್ಲಿ ಬೋರ್ಡಿನ ಗಾತ್ರವನ್ನಾಗಲಿ ವೇಗದ ಮಾತನ್ನಾಗಲಿ ನೆಚ್ಚಿ ಪ್ರಯೋಜನವಿಲ್ಲ. ಕಲಬುರಗಿಯಿಂದ ಆಚೆಗಿನ ನಲವತ್ತು, ಅರವತ್ತು ಕಿಲೋಮೀಟರಿಗೆ ಯಾರು ಹೊಣೆ, ಅವರ ಫೋನ್ ನಂಬರು ಏನು ಎಂಬುದಕ್ಕೆ ನೇರ ಉತ್ತರ ಕೊಡುವವರೇ ನೆಚ್ಚಬಹುದಾದವರು.

ಈ ತಾಲ್ಲೂಕುಗಳಿಗೆ ಮಾಲು ಕಳಿಸಿದ ಸದಸ್ಯರು ಕಳಿಸಿದ ದಿನ, ತಲುಪಿದ ದಿನ, ತಲುಪಿದಾಗಿನ ಸ್ಥಿತಿ ಇವಿಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ಸಂಘದ ಕಚೇರಿಗೆ ಕೊಟ್ಟರೆ ಎಲ್ಲರಿಗೂ ಉಪಕಾರವಾಗುತ್ತದೆ. ಒಬ್ಬೊಬ್ಬರೇ ಹೋಗಿ ಕೇಳಿದರೆ ಸಿಗದ ಉತ್ತರ, ಸಂಘದಿಂದ ಹೋಗಿ ಕೇಳಿದರೆ ಸಿಕ್ಕೀತು.

ಮೇಷ್ಟ್ರಿಗೆ ನಾವು ಈ ಸಲ ಹೊಸ ಅಡಿಕೆ ಐದು ಕಿಲೋ ಅಂಚೆಯಲ್ಲಿ ಕಳಿಸಿದೆವು. ತಲುಪಿತು. ಮಗಳ ಸೀಮಂತಕ್ಕೆ ಆಗುತ್ತದೆಂದು ಇಟ್ಟುಕೊಂಡಿದ್ದಾರಂತೆ. ಮದುವೆಯ ದಿನ ಹೋದ ಮಾನ ಪೂರ್ತಿ ಮರಳಿತೆಂದು ಹೇಳಲಾರೆವು. ತೊಗರಿಬೇಳೆ ಮಾತ್ರ ಈ ವರ್ಷವೂ ಬಂದಿದೆ.